ಮುಂದಕ್ಕಿರಲಿ ಅಂತ ಎತ್ತಿಟ್ಟ ಮಾತ್ರೆ: ಒಂದು ಪಾರ್ಕಿನ್ಸನ್ ಪ್ರಕರಣ

ಶಿಡ್ಲಘಟ್ಟದ ಕಡೆ ನನ್ನದೊಂದು ಮೆಡಿಕಲ್ ಅಂಗಡಿ. ಇಪ್ಪತ್ತು ವರ್ಷದಿಂದ ಅದೇ ಕೌಂಟರ್ ಹಿಂದೆ ನಿಂತಿದ್ದೇನೆ. ನಾನು ಡಾಕ್ಟರ್ ಅಲ್ಲ, ಫಾರ್ಮಸಿಸ್ಟ್. ಆದರೆ ಡಾಕ್ಟರ್ ಮೂರು ತಿಂಗಳಿಗೊಮ್ಮೆ ನೋಡುವ ರೋಗಿಯನ್ನು ನಾನು ತಿಂಗಳಿಗೆ ಎರಡು ಸಲ ನೋಡುತ್ತೇನೆ. ಯಾವ ಮಾತ್ರೆ ಬರೆದರು ಅನ್ನೋದು ಚೀಟಿಯಲ್ಲಿರುತ್ತದೆ. ಯಾವುದನ್ನು ಕೊಂಡರು, ಯಾವುದನ್ನು ಬಿಟ್ಟರು ಅನ್ನೋದು ನನ್ನ ಬಿಲ್ಲಿನಲ್ಲಿರುತ್ತದೆ. ಈ ಪ್ರಕರಣ ಬರೆಯಲು ಕಾರಣವೇ ಅದು.

ಮನೆಯವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಊರು, ವಯಸ್ಸು, ಮನೆಯ ಕೆಲವು ವಿವರ ಬದಲಿಸಿದ್ದೇನೆ. ರೋಗಿಯನ್ನು ಯಜಮಾನರು ಅಂತ ಕರೆಯುತ್ತೇನೆ. ಅಂಗಡಿಯಲ್ಲಿ ಕರೆಯುವುದೂ ಹಾಗೇ.

ಹಿನ್ನೆಲೆ

ಯಜಮಾನರಿಗೆ ಅರವತ್ತು ದಾಟಿತ್ತು. ಚಿಕ್ಕ ವಯಸ್ಸಿನಿಂದ ರೇಷ್ಮೆ ರೀಲಿಂಗ್ ಕೆಲಸ. ಮನೆ ಹಿಂದೆಯೇ ಸಣ್ಣ ಫಿಲೇಚರ್, ಅಂದರೆ ಗೂಡಿನಿಂದ ನೂಲು ತೆಗೆಯುವ ಜಾಗ. ಬಿಸಿನೀರಲ್ಲಿ ಬೆಂದ ಗೂಡಿನ ಮೇಲೆ ಬೆರಳಾಡಿಸಿ, ಕಣ್ಣಿಗೂ ಸರಿಯಾಗಿ ಕಾಣದ ಎಳೆಯ ತುದಿ ಹಿಡಿದು, ಓಡುವ ನೂಲಿಗೆ ಸೇರಿಸಬೇಕು. ಎಳೆ ಕಡಿದರೆ ಮತ್ತೆ ಹುಡುಕಬೇಕು. ಅದನ್ನು ಅವರು ಪಕ್ಕದವರ ಹತ್ತಿರ ಮಾತಾಡುತ್ತಲೇ ಮಾಡುತ್ತಿದ್ದರು. ಅಂಥ ಬೆರಳು ಅವರದ್ದು.

ಒಂದು ದಿನ ಕೌಂಟರ್ ಮೇಲೆ ಬಲಗೈ ಇಟ್ಟು, "ಈ ಕೈ ನನ್ ಮಾತು ಕೇಳ್ತಿಲ್ಲ ಸಾಮಿ" ಅಂದರು. ತುದಿ ಸಿಗುತ್ತೆ, ಹಿಡಿಯೋ ಹೊತ್ತಿಗೆ ಜಾರುತ್ತೆ ಅಂದರು. ಕೈ ನಡುಗುತ್ತಿತ್ತು, ಆದರೆ ಸುಮ್ನೆ ಇಟ್ಟುಕೊಂಡಾಗ ಮಾತ್ರ. ಏನಾದರೂ ಎತ್ತಿಕೊಂಡರೆ ನಡುಕ ಕಡಿಮೆಯಾಗುತ್ತಿತ್ತು. ಲೆಕ್ಕದ ಪುಸ್ತಕದ ಅಕ್ಷರ ಸಾಲಿನ ಕೊನೆಗೆ ಬರುವಷ್ಟರಲ್ಲಿ ಇರುವೆಯಷ್ಟು ಸಣ್ಣಗಾಗುತ್ತಿತ್ತು.

ಈಗ ಹಿಂತಿರುಗಿ ನೋಡಿದರೆ ಸೂಚನೆಗಳು ಬಹಳ ಮುಂಚೆಯೇ ಇದ್ದವು. ಫಿಲೇಚರ್‌ನಲ್ಲಿ ಬೆಂದ ಹುಳದ ವಾಸನೆಗೆ ಹೊಸಬರು ಮೂಗು ಮುಚ್ಚಿಕೊಂಡು ಓಡುತ್ತಾರೆ. ಇವರು ಕೆಲವು ವರ್ಷದಿಂದ "ನಂಗೆ ವಾಸನೆನೇ ಬರಲ್ಲ" ಅನ್ನುತ್ತಿದ್ದರು. ಅಭ್ಯಾಸವಾಗಿದೆ ಅಂತ ಎಲ್ಲರೂ ಅಂದುಕೊಂಡರು. ರಾತ್ರಿ ನಿದ್ದೆಯಲ್ಲಿ ಕೂಗುತ್ತಿದ್ದರು, ಒದೆಯುತ್ತಿದ್ದರು. ಅವರ ಹೆಂಡತಿ ಪಕ್ಕದ ಕೋಣೆಗೆ ಹಾಸಿಗೆ ಹಾಕಿಕೊಂಡಿದ್ದರು. ಮಲಬದ್ಧತೆಗೆ ಇಸಬ್‌ಗೋಲ್ ನನ್ನ ಅಂಗಡಿಯಿಂದಲೇ ಹೋಗುತ್ತಿತ್ತು. ವಾಸನೆ ಹೋಗೋದು, ಮಲಬದ್ಧತೆ, ಕನಸಿನಲ್ಲಿ ಕೈಕಾಲು ಬೀಸೋದು, ಈ ಮೂರೂ ಪಾರ್ಕಿನ್ಸನ್‌ನ ನಡುಕಕ್ಕಿಂತ ಎಷ್ಟೋ ವರ್ಷ ಮುಂಚೆ ಬರಬಹುದು. ಮೂರೂ ಒಂದೊಂದಾಗಿ ನನ್ನ ಕಿವಿಗೆ ಬಿದ್ದಿದ್ದವು. ಒಟ್ಟು ಸೇರಿಸಿ ನೋಡಲು ತೋಚಲಿಲ್ಲ.

ಮೊದಲ ತಪ್ಪು

ಕೈ ತೊಂದರೆಗೆ ಮುಂಚೆ ಯಜಮಾನರಿಗೆ ತಲೆಸುತ್ತು ಬಂದಿತ್ತು. ಒಂದು ಕ್ಲಿನಿಕ್‌ನಲ್ಲಿ ಸಿನ್ನರಿಜಿನ್ ಮಾತ್ರೆ ಬರೆದುಕೊಟ್ಟರು, ಹತ್ತು ದಿನಕ್ಕೆ. ಆರಾಮ ಅನ್ನಿಸಿತು. ಹಳೇ ಚೀಟಿ ತೋರಿಸಿ ಮತ್ತೆ ತೆಗೆದುಕೊಂಡರು. ಹಾಗೇ ಹತ್ತು ತಿಂಗಳು ಹೋಯಿತು. ಅಷ್ಟೂ ಸ್ಟ್ರಿಪ್ ಕೊಟ್ಟದ್ದು ನಾನೇ. ಇದನ್ನು ಬರೆಯುವಾಗ ಈಗಲೂ ಮನಸ್ಸು ಚುಚ್ಚುತ್ತದೆ.

ಸಿನ್ನರಿಜಿನ್, ಮೈಗ್ರೇನ್‌ಗೆ ಕೊಡುವ ಫ್ಲುನಾರಿಜಿನ್, ವಾಂತಿಗೆ ಕೊಡುವ ಮೆಟೊಕ್ಲೋಪ್ರಮೈಡ್ ಮತ್ತು ಪ್ರೊಕ್ಲೋರ್‌ಪೆರಜಿನ್, ಇವೆಲ್ಲ ಮಿದುಳಿನಲ್ಲಿ ಡೋಪಮಿನ್, ಅಂದರೆ ಮೈಯ ಚಲನೆಗೆ ಬೇಕಾದ ರಾಸಾಯನಿಕದ ಕೆಲಸಕ್ಕೆ ಅಡ್ಡ ಬರುತ್ತವೆ. ವಯಸ್ಸಾದವರು ತಿಂಗಳುಗಟ್ಟಲೆ ತೆಗೆದುಕೊಂಡರೆ ಪಾರ್ಕಿನ್ಸನ್ ಇಲ್ಲದವರಿಗೂ ಅದರ ಲಕ್ಷಣ ಬರಬಹುದು. ಇರುವವರಿಗೆ ಜಾಸ್ತಿಯಾಗುತ್ತದೆ.

ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ ಸೇರಿ 2022ರಲ್ಲಿ ಶುರುಮಾಡಿದ ಕರ್ನಾಟಕ ಬ್ರೈನ್ ಹೆಲ್ತ್ ಇನಿಷಿಯೇಟಿವ್ ಅನ್ನುವ ಮಿದುಳಿನ ಆರೋಗ್ಯದ ಯೋಜನೆಗೆ ಮೊದಲು ಆರಿಸಿದ ಜಾಗಗಳಲ್ಲಿ ಕೋಲಾರ, ಚಿಕ್ಕಬಳ್ಳಾಪುರವೂ ಇದ್ದವು. ಹಾಗಾಗಿ ಯಜಮಾನರಿಗೆ ಬೆಂಗಳೂರಿಗೆ ಹೋಗುವ ಮೊದಲೇ ಜಿಲ್ಲಾ ಆಸ್ಪತ್ರೆಯಲ್ಲಿ ವಿಷಯ ಗೊತ್ತಿದ್ದ ಡಾಕ್ಟರ್ ಸಿಕ್ಕರು. ಅವರು ಕೇಳಿದ ಮೊದಲ ಪ್ರಶ್ನೆಯೇ "ಬೇರೆ ಏನೇನು ಮಾತ್ರೆ ತಗೊಳ್ತಿದ್ದೀರಿ?" ತಲೆಸುತ್ತಿನ ಮಾತ್ರೆ ನಿಲ್ಲಿಸಿ, ಮೂರು ತಿಂಗಳು ಬಿಟ್ಟು ಬನ್ನಿ ಅಂದರು.

ಮೂರು ತಿಂಗಳಲ್ಲಿ, ನಡೆಯುವಾಗ ನಿಂತುಹೋಗಿದ್ದ ಎಡಗೈ ಬೀಸು ಮರಳಿ ಬಂತು. ಮುಖದಲ್ಲಿ ಸ್ವಲ್ಪ ಕಳೆ ಬಂತು. ಬಲಗೈ ಮಾತ್ರ ಹಾಗೇ ಉಳಿಯಿತು. ಮಾತ್ರೆಯಿಂದಷ್ಟೇ ಬಂದದ್ದಾಗಿದ್ದರೆ ಸಾಮಾನ್ಯವಾಗಿ ಎರಡೂ ಕಡೆ ಇಳಿಯಬೇಕಿತ್ತು. 2023ರ ಮಧ್ಯದಲ್ಲಿ ನಿಮ್ಹಾನ್ಸ್‌ನಲ್ಲಿ ಪಾರ್ಕಿನ್ಸನ್ ಅಂತ ಖಚಿತವಾಯಿತು.

"ಖರ್ಚು ಮಾಡ್ಬಿಟ್ರೆ ಮುಂದೆ?"

ಲೆವೊಡೋಪಾ 100, ಕಾರ್ಬಿಡೋಪಾ 25 ಮಿ.ಗ್ರಾಂ ಸೇರಿದ ಮಾತ್ರೆ. ಮೊದಲು ಅರ್ಧರ್ಧ, ಆಮೇಲೆ ಒಂದೊಂದು, ದಿನಕ್ಕೆ ಮೂರು ಹೊತ್ತು. 1960ರ ದಶಕದಿಂದ ಈ ರೋಗಕ್ಕೆ ಇದಕ್ಕಿಂತ ಚೆನ್ನಾಗಿ ಕೆಲಸ ಮಾಡುವ ಮಾತ್ರೆ ಬಂದಿಲ್ಲ. ಲೆವೊಡೋಪಾ ಮಿದುಳಿಗೆ ಹೋಗಿ ಡೋಪಮಿನ್ ಆಗುತ್ತದೆ. ಅದು ದಾರಿಯಲ್ಲೇ ಕರಗಿ ಹೋಗದಂತೆ ಕಾರ್ಬಿಡೋಪಾ ಕಾಯುತ್ತದೆ.

ಕಿರಿ ಮಗ ಚೀಟಿ ಹಿಡಿದು ಬಂದ. ಮೊಬೈಲ್‌ನಲ್ಲಿ ಓದಿಕೊಂಡೇ ಬಂದಿದ್ದ. "ಅಣ್ಣಾ, ಇದು ಐದು ವರ್ಷ ಅಷ್ಟೇ ಕೆಲ್ಸ ಮಾಡೋದಂತೆ. ಈಗ್ಲೇ ಖರ್ಚು ಮಾಡ್ಬಿಟ್ರೆ ಮುಂದೆ ಏನ್ ಮಾಡೋದು? ರೋಗಾನೇ ನಿಧಾನ ಮಾಡೋ ಮಾತ್ರೆ ಇದ್ರೆ ಅದನ್ನ ಕೊಡಿ. ಇದು ಮುಂದಕ್ಕಿರಲಿ."

ಬಿತ್ತನೆಗೆ ಎತ್ತಿಟ್ಟ ಕಾಳನ್ನು ಹಸಿವಾದರೂ ಮುಟ್ಟದ ಮನೆ ಅದು. ಅವನ ಲೆಕ್ಕ ನನಗೂ ಸರಿ ಅನ್ನಿಸಿತು. ಅಂಗಡಿಯಲ್ಲಿ ಜನ ಜಾಸ್ತಿ ಇದ್ದರು. "ಡಾಕ್ಟರ್‌ನ ಕೇಳಪ್ಪ" ಅಂದು ಸುಮ್ಮನಾದೆ. ಅಲ್ಲಿಂದ ಹದಿಮೂರು ತಿಂಗಳು ಯಜಮಾನರು ಲೆವೊಡೋಪಾ ಮುಟ್ಟಲಿಲ್ಲ.

ಅವರು ಹುಡುಕಿದ್ದು ತಪ್ಪಲ್ಲ. ಮಿದುಳಿನ ಬುಡದಲ್ಲಿರುವ ಕಪ್ಪು ಛಾಯೆಯ ಒಂದು ಪುಟ್ಟ ಭಾಗದಲ್ಲಿ ಡೋಪಮಿನ್ ಮಾಡುವ ಜೀವಕೋಶಗಳು ಸಾಯುತ್ತಾ ಹೋಗೋದೇ ಈ ರೋಗ. ನಡುಕ ಕಾಣುವ ಹೊತ್ತಿಗೆ ಅರ್ಧದಷ್ಟೋ ಅದಕ್ಕಿಂತ ಜಾಸ್ತಿಯೋ ಹೋಗಿರುತ್ತವೆ. ಉಳಿದದ್ದನ್ನಾದರೂ ಉಳಿಸಿಕೊಳ್ಳೋಣ ಅಂತ ಯಾರಿಗೆ ಅನ್ನಿಸಲ್ಲ? ಜೇಮ್ಸ್ ಪಾರ್ಕಿನ್ಸನ್ ಈ ರೋಗದ ಬಗ್ಗೆ ಬರೆದದ್ದು 1817ರಲ್ಲಿ. ಇವತ್ತಿಗೂ ಅದನ್ನು ನಿಧಾನ ಮಾಡುತ್ತದೆ ಅಂತ ಸಾಬೀತಾದ ಒಂದು ಔಷಧಿಯೂ ಇಲ್ಲ. ಈ ಮಾತನ್ನು ಆ ದಿನವೇ ಹೇಳಬೇಕಿತ್ತು.

ಒಂದೊಂದಾಗಿ ಪ್ರಯತ್ನಿಸಿದ್ದು

ಮೊದಲು ರಸಗಿಲಿನ್. ಮಗನೇ ಡಾಕ್ಟರ್ ಹತ್ತಿರ ಕೇಳಿ ಬರೆಸಿಕೊಂಡ. ಲಕ್ಷಣಗಳು ಸ್ವಲ್ಪ ಕಡಿಮೆಯಾಗುತ್ತವೆ, ತೆಗೆದುಕೊಳ್ಳಲಿ ಅಂದರು ಡಾಕ್ಟರ್. ಮಗ ಓದಿದ್ದು 2009ರ ಅಡಾಜಿಯೋ ಅನ್ನುವ ದೊಡ್ಡ ಪ್ರಯೋಗದ ಸುದ್ದಿ. 1,176 ಜನ ಅದರಲ್ಲಿದ್ದರು. ಅರ್ಧ ಜನಕ್ಕೆ ಮೊದಲಿನಿಂದ ಮಾತ್ರೆ, ಉಳಿದವರಿಗೆ ಒಂಬತ್ತು ತಿಂಗಳು ತಡವಾಗಿ. 1 ಮಿ.ಗ್ರಾಂ ಬೇಗ ಶುರುಮಾಡಿದವರು ಕೊನೆಗೂ ಸ್ವಲ್ಪ ಮುಂದಿದ್ದರು. ಆದರೆ 2 ಮಿ.ಗ್ರಾಂ ತೆಗೆದುಕೊಂಡವರಲ್ಲಿ ಆ ವ್ಯತ್ಯಾಸ ಕಾಣಲಿಲ್ಲ. ಒಂದು ಲೋಟಕ್ಕೆ ತೀರುವ ದಾಹ ಎರಡು ಲೋಟಕ್ಕೆ ತೀರಲಿಲ್ಲ ಅಂದರೆ ಎಲ್ಲೋ ಏನೋ ಸರಿಯಿಲ್ಲ ಅಲ್ವಾ? 2011ರಲ್ಲಿ ಅಮೆರಿಕದ ಔಷಧ ನಿಯಂತ್ರಕರ ಸಲಹಾ ಸಮಿತಿ ರೋಗ ನಿಧಾನವಾಗುತ್ತದೆ ಅನ್ನುವ ವಾದ ಒಪ್ಪಲಿಲ್ಲ.

ಆಮೇಲೆ ಕೋಎನ್‌ಜೈಮ್ ಕ್ಯೂ10. ತಿಂಗಳಿಗೆ ಸಾವಿರಕ್ಕೂ ಜಾಸ್ತಿ ಖರ್ಚು. ಯಜಮಾನರು ದಿನಕ್ಕೆ 100 ಮಿ.ಗ್ರಾಂ ತೆಗೆದುಕೊಳ್ಳುತ್ತಿದ್ದರು. 2014ರಲ್ಲಿ ಫಲಿತಾಂಶ ಬಂದ ಪ್ರಯೋಗದಲ್ಲಿ 600 ಜನರಿದ್ದರು, ದಿನಕ್ಕೆ 1200 ಮತ್ತು 2400 ಮಿ.ಗ್ರಾಂ ಕೊಟ್ಟಿದ್ದರು. ಪ್ರಯೋಜನ ಕಾಣದೆ ಮಧ್ಯದಲ್ಲೇ ನಿಲ್ಲಿಸಿದರು. ವಿಟಮಿನ್ ಇ ಕಥೆಯೂ ಅದೇ. ಕ್ರಿಯಾಟಿನ್, ಬಿ.ಪಿ. ಮಾತ್ರೆ ಇಸ್ರಾಡಿಪಿನ್, ಯೂರಿಕ್ ಆಸಿಡ್ ಏರಿಸುವ ಇನೋಸಿನ್, ಇವೂ ಹೀಗೇ ಬಂದು ಹೋದವು.

ನೆಂಟರೊಬ್ಬರು ನಸುಗುನ್ನಿ ಬೀಜದ ಪುಡಿ ತಂದುಕೊಟ್ಟರು. ಎರಡು ವಾರಕ್ಕೆ ವಾಂತಿ ಶುರುವಾಗಿ ಬಿಟ್ಟರು. ನಸುಗುನ್ನಿಯಲ್ಲಿರೋದು ಲೆವೊಡೋಪಾವೇ. ಇವರು ಹೆದರಿ ದೂರ ಇಟ್ಟದ್ದೇ ಪುಡಿಯ ರೂಪದಲ್ಲಿ ಹೊಟ್ಟೆಗೆ ಹೋಗುತ್ತಿತ್ತು, ಅಳತೆ ಇಲ್ಲದೆ, ಜೊತೆಗೆ ಕಾಯುವ ಕಾರ್ಬಿಡೋಪಾ ಇಲ್ಲದೆ.

2024ರ ಏಪ್ರಿಲ್‌ನಲ್ಲಿ ಮಗ ಮತ್ತೆ ಓಡಿಬಂದ. ಲಿಕ್ಸಿಸೆನಟೈಡ್ ಅನ್ನುವ ಶುಗರ್ ಇಂಜೆಕ್ಷನ್ ಪಾರ್ಕಿನ್ಸನ್ ನಿಧಾನ ಮಾಡಿತು ಅಂತ ಸುದ್ದಿ. ಈ ಸಲ ನಾನೂ ಕೂತು ಓದಿದೆ. 156 ಜನ, ಒಂದು ವರ್ಷ. ಔಷಧಿ ಪಡೆದವರ ಚಲನೆಯ ತೊಂದರೆ ಅಳೆಯುವ ಅಂಕ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು, ಉಳಿದವರದ್ದು ಸುಮಾರು 3 ಅಂಕ ಕೆಟ್ಟಿತ್ತು. ಆಸೆ ಹುಟ್ಟಿಸುವ ಮಾತೇ. ಆದರೆ ಔಷಧಿ ಪಡೆದವರಲ್ಲಿ 46 ಶೇಕಡಾ ಜನಕ್ಕೆ ವಾಕರಿಕೆ. ಯಜಮಾನರಿಗೆ ಶುಗರ್ ಇಲ್ಲ, ಆ ಹೊತ್ತಿಗೆ ಆರು ಕೆಜಿ ಇಳಿದಿದ್ದರು. ಈ ಜಾತಿಯ ಇಂಜೆಕ್ಷನ್ ಹಸಿವನ್ನೇ ಕೊಲ್ಲುತ್ತದೆ. "ಬೇಡಪ್ಪ, ತರಿಸಿಕೊಡಲ್ಲ" ಅಂದೆ. ಅವನಿಗೆ ಬೇಜಾರಾಯಿತು.

ಕೊನೆಗೆ ಕೆಮ್ಮಿನ ಸಿರಪ್. ಆಂಬ್ರೋಕ್ಸಾಲ್ ಮಿದುಳಿನ ಜೀವಕೋಶದ ಕಸ ತೆಗೆಯುವ ಕೆಲಸಕ್ಕೆ ನೆರವಾಗಬಹುದು ಅಂತ ಬ್ರಿಟನ್ನಿನಲ್ಲಿ 17 ರೋಗಿಗಳ ಮೇಲೆ ಸಣ್ಣ ಅಧ್ಯಯನ ನಡೆದು 2020ರಲ್ಲಿ ಪ್ರಕಟವಾಗಿತ್ತು. ಅಲ್ಲಿ ಕೊಟ್ಟದ್ದು ದಿನಕ್ಕೆ 1260 ಮಿ.ಗ್ರಾಂ. ನಮ್ಮ ಸಿರಪ್‌ಗಳಲ್ಲಿ ಸಾಮಾನ್ಯವಾಗಿ 5 ಮಿಲಿಗೆ 15 ಮಿ.ಗ್ರಾಂ. ಲೆಕ್ಕ ಹಾಕಿದರೆ ದಿನಕ್ಕೆ 420 ಮಿಲಿ, ಅಂದರೆ ನಾಲ್ಕು ಬಾಟಲಿಗೂ ಜಾಸ್ತಿ! ಯಜಮಾನರು ಬೇರೆ ಅಂಗಡಿಯಿಂದ ತಂದು ದಿನಕ್ಕೆ ನಾಲ್ಕೈದು ಮುಚ್ಚಳ ಕುಡಿಯುತ್ತಿದ್ದರು. ಆ ಸಿರಪ್‌ನಲ್ಲಿ ಟರ್ಬುಟಾಲಿನ್ ಕೂಡ ಸೇರಿತ್ತು. ಉಬ್ಬಸಕ್ಕೆ ಕೊಡುವ ಆ ಔಷಧಿ ಆರೋಗ್ಯವಾಗಿರುವವರ ಕೈಯನ್ನೂ ನಡುಗಿಸುತ್ತದೆ, ಎದೆ ಡವಗುಟ್ಟಿಸುತ್ತದೆ. ರಸಗಿಲಿನ್ ಜೊತೆ ಅಂತೂ ಇನ್ನೂ ಹುಷಾರಾಗಿರಬೇಕು. ನಡುಕ ಜಾಸ್ತಿಯಾದದ್ದು ನೋಡಿ ಮನೆಯವರು ರೋಗ ಏರಿತು ಅಂತ ಅಳುತ್ತಿದ್ದರು. ಬಾಟಲಿ ತರಿಸಿ ಹಿಂದಿನ ಸಣ್ಣ ಅಕ್ಷರ ಓದಿದೆ. ಅವತ್ತೇ ನಿಲ್ಲಿಸಿದೆವು.

ಬಿಲ್ಲಿನಲ್ಲಿ ಕಂಡದ್ದು

2024ರ ಆಗಸ್ಟ್‌ನಲ್ಲಿ ಯಜಮಾನರು ಫಿಲೇಚರ್‌ನ ಒದ್ದೆ ನೆಲದಲ್ಲಿ ಬಿದ್ದರು. ಹಣೆಗೆ ಮೂರು ಹೊಲಿಗೆ. ಡ್ರೆಸ್ಸಿಂಗ್‌ಗೆ ಬೇಕಾದ್ದು ಕೊಳ್ಳಲು ಸೊಸೆ ಬಂದಿದ್ದರು. "ಅಂಗಿ ಗುಂಡಿ ಹಾಕ್ಕೊಳ್ಳೋಕೆ ಕಾಲು ಗಂಟೆ ಬೇಕಣ್ಣ. ನಾವು ಹಾಕೋಕೆ ಹೋದ್ರೆ ಕೈ ತಳ್ತಾರೆ. ಊಟಕ್ಕೂ ಒಬ್ರೇ ಕೂತ್ಕೋತಾರೆ" ಅಂದರು.

ಅವತ್ತು ಕಂಪ್ಯೂಟರ್‌ನಲ್ಲಿ ಆ ಹದಿಮೂರು ತಿಂಗಳ ಬಿಲ್ ತೆಗೆದೆ. ಕ್ಯೂ10 ಪ್ರತಿ ತಿಂಗಳೂ ಇದೆ. ವಿಟಮಿನ್ ಇ ಇದೆ. ಲೆವೊಡೋಪಾ ಒಂದೇ ಒಂದು ಸ್ಟ್ರಿಪ್, ಅದೂ ಮೊದಲ ವಾರದ್ದು. ತಿಂಗಳಿಗೆ ಕೆಲವೇ ನೂರು ರೂಪಾಯಿಯ ಮಾತ್ರೆ ಬಿಟ್ಟು, ಕೆಲಸ ಮಾಡದ್ದಕ್ಕೆ ಸಾವಿರಾರು ಸುರಿದಿದ್ದರು. ಮಾರಿದ್ದು ನಾನೇ.

ರಾತ್ರಿ ಅಂಗಡಿ ಮುಚ್ಚಿ ಅವರ ಮನೆಗೆ ಹೋದೆ. ಮಗನ ಹತ್ತಿರ ಕೂತು ಎರಡು ವಿಷಯ ಹೇಳಿದೆ.

ಒಂದು, 2019ರಲ್ಲಿ ಪ್ರಕಟವಾದ ಲೀಪ್ ಅನ್ನುವ ನೆದರ್ಲೆಂಡ್ಸ್ ಪ್ರಯೋಗ. 445 ರೋಗಿಗಳು. ಒಂದು ಗುಂಪಿಗೆ ಲೆವೊಡೋಪಾ ಮೊದಲ ದಿನದಿಂದ, ಇನ್ನೊಂದಕ್ಕೆ 40 ವಾರ ತಡವಾಗಿ. 80ನೇ ವಾರಕ್ಕೆ ಎರಡೂ ಗುಂಪು ಹೆಚ್ಚುಕಡಿಮೆ ಒಂದೇ ಕಡೆ ನಿಂತಿದ್ದವು. ಲೆವೊಡೋಪಾ ರೋಗವನ್ನು ನಿಧಾನ ಮಾಡಲಿಲ್ಲ, ಬೇಗ ಮಾಡಲೂ ಇಲ್ಲ. "ಅಂದ್ರೆ ಎತ್ತಿಟ್ಟಿದ್ರಿಂದ ಏನೂ ಉಳೀಲಿಲ್ವಾ ಅಣ್ಣ?" ಅಂದ. ಇಲ್ಲಪ್ಪ ಅಂದೆ. ತಡವಾಗಿ ಶುರುಮಾಡಿದವರು ಆ 40 ವಾರ ಕಷ್ಟಪಟ್ಟದ್ದಷ್ಟೇ.

ಇನ್ನೊಂದು, ಘಾನಾ ಮತ್ತು ಇಟಲಿಯ ರೋಗಿಗಳನ್ನು ಹೋಲಿಸಿ 2014ರಲ್ಲಿ ಬಂದ ಅಧ್ಯಯನ. ಘಾನಾದಲ್ಲಿ ಔಷಧಿ ಸುಲಭಕ್ಕೆ ಸಿಗದೆ ಜನ ಸರಾಸರಿ 4.2 ವರ್ಷಕ್ಕೆ ಲೆವೊಡೋಪಾ ಶುರುಮಾಡಿದ್ದರು, ಇಟಲಿಯಲ್ಲಿ 2.4 ವರ್ಷಕ್ಕೆ. ಮಾತ್ರೆಯ ಬಲ ಬೇಗ ಇಳಿಯೋದು, ಮೈ ತಾನಾಗಿ ಕುಣಿಯೋದು, ಈ ತೊಂದರೆಗಳು ಮಾತ್ರ ಎರಡೂ ದೇಶದಲ್ಲಿ ರೋಗ ಶುರುವಾಗಿ ಸುಮಾರು ಅಷ್ಟೇ ವರ್ಷಕ್ಕೆ ಬಂದವು. ಈ ತೊಂದರೆಗಳನ್ನು ನೋಡಿಯೇ ಐದು ವರ್ಷ ಅನ್ನೋ ಮಾತು ಹುಟ್ಟಿರಬೇಕು. ಮಾತ್ರೆ ಸವೆಯಲ್ಲ. ರೋಗ ಮುಂದೆ ಹೋದಂತೆ ಡೋಪಮಿನ್ ಹಿಡಿದಿಟ್ಟುಕೊಳ್ಳುವ ಜೀವಕೋಶ ಕಡಿಮೆಯಾಗುತ್ತವೆ, ಒಂದು ಮಾತ್ರೆ ಬರುವ ಹೊತ್ತೂ ಕಡಿಮೆಯಾಗುತ್ತದೆ. ಡೋಸ್ ಬೇಕಾದ್ದಕ್ಕಿಂತ ಏರಿಸಬಾರದು ಅನ್ನೋದು ಬೇರೆ ಮಾತು, ಅದನ್ನು ಡಾಕ್ಟರ್ ನೋಡಿಕೊಳ್ಳುತ್ತಾರೆ.

ಗೋಡೆಗೆ ಒರಗಿ ಕೇಳುತ್ತಿದ್ದ ಯಜಮಾನರು ಮೆಲ್ಲಗೆ, "ನಂಗೆ ಇವತ್ತಿಗೆ ಬೇಕು ಸಾಮಿ, ಮುಂದಿಂದು ಮುಂದಕ್ಕೆ" ಅಂದರು. ಹದಿಮೂರು ತಿಂಗಳಲ್ಲಿ ಅವರನ್ನು ಯಾರೂ ಕೇಳಿರಲೇ ಇಲ್ಲ. ನಾನೂ ಕೇಳಿರಲಿಲ್ಲ.

ಮುದ್ದೆ ಮತ್ತು ಮಾತ್ರೆ

ಡಾಕ್ಟರ್‌ಗೆ ಎಲ್ಲ ಹೇಳಿ, ಅವರ ಸಲಹೆಯಂತೆ ಅರ್ಧ ಮಾತ್ರೆಯಿಂದ ಶುರುಮಾಡಿದರು. ವಾಕರಿಕೆಗೆ ಡೊಂಪೆರಿಡೋನ್ ಬರೆದರು. ಮೆಟೊಕ್ಲೋಪ್ರಮೈಡ್ ಬೇಡ ಅಂತ ಚೀಟಿಯಲ್ಲೇ ದಪ್ಪಗೆ ಬರೆದಿದ್ದರು. ಒಂದು ತಿಂಗಳಾದರೂ ಗುಣ ಅಷ್ಟಕ್ಕಷ್ಟೇ. ಮಗನ ಮುಖದಲ್ಲಿ ಮತ್ತೆ ಅನುಮಾನ.

ಮಾತ್ರೆ ಯಾವಾಗ ನುಂಗುತ್ತೀರಿ ಅಂತ ಕೇಳಿದೆ. "ಊಟ ಆದ್ಮೇಲೆ." ಊಟ ಏನು? ಮುದ್ದೆ, ಅವರೆಕಾಳು ಸಾರು. ಬೆಳಿಗ್ಗೆ ಮಾತ್ರೆ ಜೊತೆ ಒಂದು ಲೋಟ ಹಾಲು. ಕಾಳು, ಹಾಲು, ಮೊಟ್ಟೆ, ಮಾಂಸದ ಪ್ರೋಟೀನ್ ಕರುಳಿನಲ್ಲೂ ಮಿದುಳಿನ ಬಾಗಿಲಲ್ಲೂ ಲೆವೊಡೋಪಾ ಜೊತೆ ಪೈಪೋಟಿಗೆ ನಿಲ್ಲುತ್ತದೆ. ಮಾತ್ರೆ ಹೊರಗೇ ಉಳಿಯುತ್ತದೆ. ಊಟಕ್ಕೆ ಅರ್ಧದಿಂದ ಒಂದು ಗಂಟೆ ಮುಂಚೆ, ಬರೀ ನೀರಿನಲ್ಲಿ ನುಂಗಬೇಕು. ಸೊಸೆ ಗೋಡೆ ಕ್ಯಾಲೆಂಡರ್ ಪಕ್ಕ ಹೊತ್ತು ಬರೆದು ಅಂಟಿಸಿದರು. ಕಾಳಿನ ಸಾರು ರಾತ್ರಿಗೆ ಹೋಯಿತು. ಮಧ್ಯಾಹ್ನಕ್ಕೆ ಸೊಪ್ಪಿನ ಸಾರು ಬಂತು.

ಹತ್ತು ದಿನ ಬಿಟ್ಟು ನಾನೇ ಹೋಗಿ ನೋಡಿದೆ. ಬೆಳಿಗ್ಗೆ ಮಾತ್ರೆ ನುಂಗಿ ಮುಕ್ಕಾಲು ಗಂಟೆ ಆಗಿತ್ತು. ಯಜಮಾನರು ಬೇಸಿನ್ ಮುಂದೆ ಕೂತಿದ್ದರು. ಬೆಂದ ಗೂಡೊಂದನ್ನು ಎತ್ತಿ, ಹೆಬ್ಬೆರಳು ತೋರುಬೆರಳಲ್ಲಿ ಮೆಲ್ಲಗೆ ತಿರುವಿದರು. ಎರಡು ಸಲ ಜಾರಿತು. ಮೂರನೇ ಸಲ ಎಳೆ ಬಂತು. ಅದನ್ನು ಬೆಳಕಿಗೆ ಹಿಡಿದು ನನಗೆ ತೋರಿಸಿದರು. ಮಗ ಬೇಸಿನ್ ಆಚೆಗೆ ಮುಖ ತಿರುಗಿಸಿಕೊಂಡು ನಿಂತಿದ್ದ.

ನಡಿಗೆಯೂ ಶುರುವಾಯಿತು. 2018ರಲ್ಲಿ ಬಂದ ಸ್ಪಾರ್ಕ್ಸ್ ಪ್ರಯೋಗದಲ್ಲಿ 128 ಜನರಿದ್ದರು. ವಾರಕ್ಕೆ ಸುಮಾರು ಮೂರು ದಿನ ಚೆನ್ನಾಗಿ ಏದುಸಿರು ಬರುವಷ್ಟು ಟ್ರೆಡ್‌ಮಿಲ್ ಮಾಡಿದವರ ಅಂಕ ಆರು ತಿಂಗಳಲ್ಲಿ ಹೆಚ್ಚುಕಡಿಮೆ ಕೆಡಲಿಲ್ಲ, ಮಾಡದವರದ್ದು 3 ಅಂಕ ಕೆಟ್ಟಿತು. ರೋಗ ನಿಧಾನವಾಗುತ್ತದೆ ಅನ್ನೋದಕ್ಕೆ ಇದು ಪುರಾವೆ ಅಲ್ಲ, ಹಾಗಂತ ನಾನು ಹೇಳಲ್ಲ. ಆದರೆ ಕ್ಯೂ10ಗಿಂತ ಇದಕ್ಕೆ ಆಧಾರ ಜಾಸ್ತಿ, ಖರ್ಚಂತೂ ಇಲ್ಲ. ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟಂತೆ ಕೈ ಬೀಸಿ, ಹೆಜ್ಜೆ ಗಟ್ಟಿಯಾಗಿ ಎಣಿಸುತ್ತಾ, ಬೆಳಿಗ್ಗೆ ಮಗನ ಜೊತೆ ಕೆರೆ ಏರಿಯವರೆಗೆ ಹೋಗಿ ಬರುತ್ತಾರೆ.

ಇದರಿಂದ ನಾನು ಬದಲಾಯಿಸಿಕೊಂಡದ್ದು

ಅರವತ್ತು ದಾಟಿದವರು ತಲೆಸುತ್ತಿನ ಮಾತ್ರೆಗೆ ಹಳೇ ಚೀಟಿ ತಂದರೆ ಕೊಡುವುದಿಲ್ಲ. ಪಾರ್ಕಿನ್ಸನ್ ಇರುವವರು ಕೆಮ್ಮಿಗೆ, ವಾಂತಿಗೆ, ನೋವಿಗೆ ಏನು ಕೇಳಿದರೂ ಮೊದಲು ಅವರ ಹಳೇ ಮಾತ್ರೆಗಳ ಪಟ್ಟಿ ನೋಡುತ್ತೇನೆ. ರಸಗಿಲಿನ್ ತೆಗೆದುಕೊಳ್ಳುವವರಿಗೆ ಡೆಕ್ಸ್‌ಟ್ರೊಮೆಥಾರ್ಫಾನ್ ಇರುವ ಸಿರಪ್ ಕೊಡಲೇಬಾರದು. ಅದು ಜೀವಕ್ಕೇ ಅಪಾಯ.

ಲೆವೊಡೋಪಾ ಕೊಳ್ಳುವವರಿಗೆ ಒಂದು ಪುಸ್ತಕ ಇಟ್ಟಿದ್ದೇನೆ. ಸ್ಟ್ರಿಪ್ ಮುಗಿಯುವ ದಿನಕ್ಕೆ ಬರದಿದ್ದರೆ ಫೋನ್ ಮಾಡುತ್ತೇನೆ. ಶುರುಮಾಡಿದವರು ತಟ್ಟನೆ ನಿಲ್ಲಿಸಿದರೆ ಮೈ ಸೆಟೆದು, ಜೋರು ಜ್ವರ ಬಂದು ಪ್ರಾಣಕ್ಕೆ ಕುತ್ತಾಗಬಹುದು. ಒಬ್ಬರು ಮದುವೆಗೆ ಹೋಗುವಾಗ ಮಾತ್ರೆ ಮರೆತಿದ್ದರು, ಬಸ್ ಡ್ರೈವರ್ ಕೈಲಿ ಕಳಿಸಿದೆವು. ಕ್ಯೂ10 ಕೇಳಿ ಬಂದವರಿಗೆ ಈಗ ಎದುರಿಗೇ ಹೇಳುತ್ತೇನೆ. ಕೆಲವರು ಬೇರೆ ಅಂಗಡಿಗೆ ಹೋಗುತ್ತಾರೆ.

"ರೋಗ ನಿಧಾನ ಮಾಡುತ್ತಾ, ಇಲ್ಲಾ ಕಷ್ಟ ಕಡಿಮೆ ಮಾಡುತ್ತಾ?" ಅಂತ ಎರಡನ್ನೂ ಬೇರೆ ಮಾಡಿ ಕೇಳೋದು ಮಗನೂ ಕಲಿತಿದ್ದಾನೆ. 2025ರ ಫೆಬ್ರವರಿಯಲ್ಲಿ ಎಕ್ಸೆನಟೈಡ್ ಪ್ರಯೋಗದ ಫಲಿತಾಂಶ ಬಂತು. ಅದೂ ಅದೇ ಜಾತಿಯ ಶುಗರ್ ಇಂಜೆಕ್ಷನ್. 194 ಜನ, 96 ವಾರ, ಪ್ರಯೋಜನ ಇಲ್ಲ. ಸುದ್ದಿ ನನಗೆ ಮೊದಲು ಕಳಿಸಿದ್ದು ಅವನೇ.

ಈಗ

ಲೆವೊಡೋಪಾ ಶುರುವಾಗಿ ಹದಿನಾಲ್ಕು ತಿಂಗಳಾಯಿತು. ರೋಗ ನಿಂತಿಲ್ಲ. ಎಡಗೈಯಲ್ಲೂ ಸಣ್ಣ ನಡುಕ ಬಂದಿದೆ. ಮಾತ್ರೆಯ ಬಲ ನಾಲ್ಕು ಗಂಟೆಗೆ ಇಳಿಯುತ್ತೆ ಅಂದಾಗ ಡಾಕ್ಟರ್ ಮೂರು ಹೊತ್ತನ್ನು ನಾಲ್ಕು ಮಾಡಿದರು. ದಿನವಿಡೀ ರೀಲಿಂಗ್ ಆಗಲ್ಲ. ಬೆಳಿಗ್ಗೆ ಎರಡು ಗಂಟೆ ಬೇಸಿನ್ ಮುಂದೆ ಕೂರುತ್ತಾರೆ, ಗೂಡು ಕೊಳ್ಳಲು ಮಗನ ಜೊತೆ ಮಾರ್ಕೆಟ್‌ಗೆ ಹೋಗುತ್ತಾರೆ. ಎಲ್ಲರ ಜೊತೆ ಕೂತು ಊಟ ಮಾಡುತ್ತಾರೆ.

ಮೊನ್ನೆ ಅಂಗಡಿಗೆ ಒಬ್ಬರೇ ಬಂದಿದ್ದರು. ಬಿಲ್ಲಿಗೆ ಸಹಿ ಹಾಕಿ, "ಆ ಕೆಮ್ಮಿನ ಔಷಧಿ ಪರೀಕ್ಷೆ ಏನಾಯ್ತು ಸಾಮಿ?" ಅಂದರು. ಬ್ರಿಟನ್ನಿನಲ್ಲಿ ಆಂಬ್ರೋಕ್ಸಾಲ್‌ನ ದೊಡ್ಡ ಪ್ರಯೋಗ 2025ರಲ್ಲಿ ಶುರುವಾಗಿದೆ, ಒಬ್ಬೊಬ್ಬರನ್ನೂ ಎರಡು ವರ್ಷ ನೋಡುತ್ತಾರೆ, ಫಲಿತಾಂಶಕ್ಕೆ ಕಾಯಬೇಕು ಅಂದೆ.

"ಬಂದಾಗ ಹೇಳಿ. ಅಲ್ಲೀವರ್ಗೂ ಇದಿದ್ಯಲ್ಲ" ಅಂದು ಸ್ಟ್ರಿಪ್‌ಗಳನ್ನು ಎದೆ ಜೇಬಿಗೆ ಹಾಕಿಕೊಂಡರು. ಜೇಬಿನ ಗುಂಡಿ ಹಾಕಲು ಸ್ವಲ್ಪ ಹೊತ್ತಾಯಿತು. ಹಿಂದೆ ನಿಂತ ಹುಡುಗ ದುಡ್ಡು ಚಾಚಿದ. ಒಂದ್ನಿಮಿಷ ಇರಪ್ಪ ಅಂದೆ.